ಅರ್ಧ ಹೊಸೆದ ಹಾಸು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹಾಸು ಹೊಸೆಯುವವರು ಈಗ ಕಡಿಮೆ. ಮಗ್ಗದಲ್ಲಿ ಮುಗಿದ ಹಾಸಿನ, ಅಂದರೆ ಉದ್ದ ನೂಲಿನ, ಒಂದೊಂದು ಎಳೆಯ ತುದಿಗೂ ಹೊಸ ಎಳೆಯನ್ನು ಬೆರಳಲ್ಲಿ ತಿರುವಿ ಸೇರಿಸುವ ಕೆಲಸ ಅದು. ರೋಜಾ ಮದುವೆಯಾಗಿ ಬಂದ ಮೇಲೆ ಕಲಿತಳು. ಎಣಿಸುತ್ತ ಕೂತರೆ ಕೈ ಸೋಲುತ್ತದೆಂದು ಹೆಂಗಸರು ಏನಾದರೂ ಗುನುಗುತ್ತಾರೆ. ರೋಜಾ ಗುನುಗುವುದು ಜರ್ಮನ್ ಪದಗಳನ್ನು. ಕಾಲೇಜಿನಲ್ಲಿ ಹಿಡಿದ ಹುಚ್ಚು. ಈಗ ಫೋನಿನಲ್ಲಿ ಪಾಠ ಕೇಳುತ್ತಾಳೆ. ಮೈಸೂರಿನಲ್ಲಿ ಪರೀಕ್ಷೆ ಇತ್ತು. ಪಾಸಾದರೆ ಏನು ಸಿಗುತ್ತದೆಂದು ಕೇಳಿದರೆ, "ಮುಂದಿನ ಪುಸ್ತಕ" ಎನ್ನುತ್ತಿದ್ದಳು.

ಬಣ್ಣ ಹಾಕುವವರು ತಡಮಾಡಿದ್ದರಿಂದ ಹಾಸು ಬಂದದ್ದು ಪರೀಕ್ಷೆಯ ಹಿಂದಿನ ದಿನ. ಒಬ್ಬರು ಹೊಸೆಯಲು ಕೂತ ಹಾಸನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಒಂದೊಂದು ಕೈಯ ಹೊಸೆತ ಒಂದೊಂದು ಬಗೆ, ಬೆರೆತರೆ ಎಳೆ ಕಳಚುತ್ತದೆ. ಅರ್ಧಕ್ಕೇ ಬಿಟ್ಟು ಎದ್ದರೆ ಸಿಕ್ಕಾಗುತ್ತದೆ. ಸಂಜೆಯಾದರೂ ರೋಜಾಳ ಕೈಯಲ್ಲಿ ಅರ್ಧವಷ್ಟೇ ಆಗಿತ್ತು.

ಪಕ್ಕದಲ್ಲಿ ಕೂತಿದ್ದ ಅತ್ತೆ ದೇವೀರಮ್ಮ, "ಅದೇನಮ್ಮಿ ಮಿಸ್ಟು ಮಿಸ್ಟು ಅಂತಿದ್ದೀಯೆ?" ಎಂದರು.

"ಇಂಗ್ಲಿಷಲ್ಲಿ ಮಂಜು ಅತ್ತೆ. ಅದೇ ಅಕ್ಷರ ಜರ್ಮನಲ್ಲಿ ಬರೆದ್ರೆ ಕೊಟ್ಟಿಗೆ ಗೊಬ್ಬರ."

"ಥೂ! ಎರಡೂ ಒಂದೇ ಮನೇಲಿ ಉಟ್ಟವಾ?"

"ಇಲ್ಲ, ಬೇರೆ ಬೇರೆ ಮನೆಯವು. ನೋಡಕ್ಕೆ ಒಂದೇ ಥರ ಅಷ್ಟೆ. ಇಂಗ್ಲಿಷಿನ ಮಂಜು ನಮ್ಮ ಮೇಘಕ್ಕೆ ದೂರದ ನೆಂಟ. ಬಾರ್ನ್ ಅಂತ ಬರೆದ್ರೆ ಇಂಗ್ಲಿಷಲ್ಲಿ ಕೊಟ್ಟಿಗೆ, ಸ್ವೀಡನ್ನಲ್ಲಿ ಮಗು."

"ಕೊಟ್ಗೆ ಒಳ್ಗೆ ಮಗಾನೂ ಬಂತಾ. ಸಂಸಾರ ಜೋರಾಗದೆ ಬುಡು."

ರೋಜಾ ನಕ್ಕಳು. ಗವಾಕ್ಷಿಯಿಂದ ಇಳಿದ ಬಿಸಿಲಲ್ಲಿ ರೇಷ್ಮೆ ಎಳೆಗಳು ಕಂಡೂ ಕಾಣದಂತೆ ತೇಲುತ್ತಿದ್ದವು. ಅವುಗಳ ಆಚೆ ತುದಿಯಲ್ಲೇ ಆ ಊರುಗಳಿವೆ, ಅಲ್ಲಿ ಯಾರದೋ ಹಿತ್ತಿಲ ಗೊಬ್ಬರದ ಗುಡ್ಡೆಯ ಮೇಲೆ ಈಗ ಮಂಜು ಇಳಿಯುತ್ತಿದೆ ಅನ್ನಿಸಿತು ಅವಳಿಗೆ. ಆಮೇಲೆ ಮೆಲ್ಲಗೆ, "ನಾಳೆ ಹೋಗಲ್ಲ ಅತ್ತೆ. ಮುಂದಿನ ಸಲ ನೋಡಣ" ಅಂದಳು.

ದೇವೀರಮ್ಮ ಬೆರಳು ಜಾರದಿರಲೆಂದು ಇಟ್ಟಿದ್ದ ಬೂದಿಯ ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು. "ಏಳು. ಉಳ್ದಿದ್ದು ನಾ ನೋಡ್ಕತೀನಿ. ಸೀರೆಗೆ ಇಸ್ತ್ರಿ ಮಾಡ್ಕೊ ಓಗು."

"ನಿಮ್ ಕೈ ಬೇರೆ, ನನ್ ಕೈ ಬೇರೆ. ಕಳಚ್ಕೊಂಡ್ರೆ?"

"ಕಳಚ್ಕಳ್ಳಿ. ನನ್ ಮಗ ಇಲ್ವಾ, ಕಟ್ಲಿ."

ಮರುದಿನ ರೋಜಾ ಮೈಸೂರಿನಲ್ಲಿ ಪ್ರಶ್ನೆಪತ್ರಿಕೆ ತೆರೆಯುವ ಹೊತ್ತಿಗೆ, ಅವಳ ಗಂಡ ಚೌಡೇಶ ಹಾಸನ್ನು ಮುಂದಕ್ಕೆ ಎಳೆದ. ಇಬ್ಬರ ಹೊಸೆತ ಕೂಡುವ ಕಡೆ ಎಳೆಗಳು ಒಂದೊಂದೇ ಕಳಚಿದವು. ಅವನು ತಾಯಿಯ ಕಡೆ ತಿರುಗಿದ.

"ನನ್ನೇನ್ಲಾ ನೋಡ್ತೀಯೆ? ಅಲ್ಲಿ ಅವ್ಳು ಬರೀತಾವ್ಳೆ. ಇಲ್ಲಿ ನೀ ಕಟ್ಟು."

ಚೌಡೇಶ ಬಗ್ಗಿ ಕಟ್ಟುತ್ತ ಹೋದ. ಮಧ್ಯಾಹ್ನದವರೆಗೂ ಆ ಮನೆಯ ಮಗ್ಗ ಸದ್ದು ಮಾಡಲಿಲ್ಲ.