ಆರ್ಡಿಸ್ ಚಿಕ್ಕಜ್ಜಿ ಮದ್ದು ಅಳೆಯುವ ಯಂತ್ರ ಕೊಂಡದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಪದಗಳೂ ಹೆಚ್ಚು ಗೊತ್ತಿಲ್ಲ. ಹತ್ತನೇ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಗಟ್ಟಿಯಾಗಿ ಓದು ಎಂದರೆ ಗಂಟಲು ಕಟ್ಟಿಕೊಳ್ಳುತ್ತಿತ್ತು, ಅದು ಕೊನೆಗೂ ಬಿಡಲಿಲ್ಲ. ನಮ್ಮ ಗ್ರಂಥಾಲಯದಲ್ಲಿ ಊರಿನವರ ಬಗ್ಗೆ ಊರಿನವರೇ ಬರೆದಿಡುವ ಒಂದು ದಪ್ಪ ಕಡತವಿದೆ. ಅದಕ್ಕೆ ಆರ್ಡಿಸ್ ಚಿಕ್ಕಜ್ಜಿಯ ಬಗ್ಗೆ ಬರೆದುಕೊಡು ಎಂದು ಅಲ್ಲಿನ ಮೇಡಂ ಹೇಳಿದರು. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ತಪ್ಪಾದ ಕಡೆ ಒಂದೇ ಗೆರೆ ಎಳೆದಿದ್ದೇನೆ, ಅಡಿಯಲ್ಲಿ ಏನಿತ್ತು ಎಂದು ಓದಲು ಬರುವ ಹಾಗೆ. ಹಾಗೆ ಹೊಡೆದುಹಾಕುವುದನ್ನು ಕಲಿಸಿದವಳೂ ಅವಳೇ.

ಆರ್ಡಿಸ್ ನಮ್ಮಜ್ಜಿಯ ತಂಗಿ. ವಯಸ್ಸು ಎಪ್ಪತ್ತೆರಡು. ಮೊಂಟಾನಾದ ಈ ಬಯಲಿನಲ್ಲಿ, ರೈಲು ಹಳಿಯ ಪಕ್ಕದ ಗೋಧಿ ಗೋದಾಮಿನ ತೂಕದ ಮನೆಯಲ್ಲಿ ಮೂವತ್ತೆಂಟು ವರ್ಷ ಕೂತವಳು. ತುಂಬಿದ ಲಾರಿ ಬಂದಾಗ ಒಮ್ಮೆ ತೂಗುವುದು, ಗೋಧಿ ಸುರಿದು ಖಾಲಿಯಾಗಿ ಬಂದಾಗ ಇನ್ನೊಮ್ಮೆ ತೂಗುವುದು. ಕಳೆದರೆ ಉಳಿದದ್ದು ಗೋಧಿ. ಆಮೇಲೆ ಗೋದಾಮಿನವರು ಎಲೆಕ್ಟ್ರಾನಿಕ್ ತೂಕದ ಯಂತ್ರ ತಂದರು. ಅವಳು ಬೇಡ ಎನ್ನಲಿಲ್ಲ, ನಂಬಲೂ ಇಲ್ಲ. ದಿನಾ ಬೆಳಿಗ್ಗೆ ಕಬ್ಬಿಣದ ತೂಕದಕಲ್ಲು ಇಟ್ಟು ನೋಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಒಂದು ಜನವರಿಯಲ್ಲಿ ಲಾರಿ ನಿಲ್ಲುವ ಹಲಗೆಯಡಿ ಮಂಜುಗಡ್ಡೆ ಕಟ್ಟಿ, ಯಂತ್ರ ಎಂಬತ್ತು ಪೌಂಡ್ ಹೆಚ್ಚು ತೋರಿಸತೊಡಗಿತು. ಮೊದಲ ಲಾರಿ ಬರುವುದರೊಳಗೆ ಅವಳು ಹಿಡಿದುಬಿಟ್ಟಿದ್ದಳು. ಆಮೇಲೆ ನಗುವುದು ಸ್ವಲ್ಪ ಕಡಿಮೆಯಾಯಿತಂತೆ.

ಅವಳ ರೈಫಲ್ ಅವಳ ಅಪ್ಪನದು. ಆ ಅಳತೆಯ ತೋಟಾ ಅಂಗಡಿಗೆ ಬರುವುದು ನಿಂತು ಎಷ್ಟೋ ಕಾಲವಾಯಿತು. ಹಾಗಾಗಿ ಹಾರಿಸಿದ ಹಿತ್ತಾಳೆ ತೋಟಾಗಳನ್ನೇ ಹೆಕ್ಕಿ ತಂದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಒತ್ತಿ, ಕೋವಿಮದ್ದು ಅಳೆದು ಹಾಕಿ, ತೋಟಾದ ಬಾಯಿಗೆ ಗುಂಡು ಕೂರಿಸಿ, ತಾನೇ ತುಂಬಿಕೊಳ್ಳುತ್ತಾಳೆ. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಗುಲಗಂಜಿಗಿಂತಲೂ ಹಗುರ. ಅದರ ಹತ್ತನೇ ಒಂದು ಭಾಗವೂ ತಪ್ಪಬಾರದು ಎನ್ನುವುದು ಅವಳ ಹಟ. ಮದ್ದು ತುಂಬಿದ ಸಣ್ಣ ಕೊಳವೆಯನ್ನು ಬೆರಳಿನಿಂದ ತಿರುಗಿಸುತ್ತ ಪುಟ್ಟ ತಕ್ಕಡಿಯ ತಟ್ಟೆಗೆ ಮದ್ದಿನ ಒಂದೊಂದೇ ಹರಳು ಉದುರಿಸುತ್ತಿದ್ದಳು.

ಕಳೆದ ವರ್ಷದಿಂದ ಅವಳ ಕೈ ನಡುಗುತ್ತಿದೆ. ಮೊದಲು ಕಾಫಿ ಲೋಟ, ಆಮೇಲೆ ಸೂಜಿ, ಈಗ ತಕ್ಕಡಿ. ರೈಫಲನ್ನು ಮರಳಿನ ಚೀಲದ ಮೇಲೆ ಒರಗಿಸಿ ಹಿಡಿದರೆ ಕೈ ನಿಲ್ಲುತ್ತದೆ, ಮದ್ದಿನ ಮುಂದೆ ನಿಲ್ಲುವುದಿಲ್ಲ. ಸೆಪ್ಟೆಂಬರಿನಲ್ಲಿ ಎಣಿಸಿದಾಗ ತುಂಬಿದ ತೋಟಾ ಆರೇ ಉಳಿದಿದ್ದವು. ಜಿಂಕೆ ಬೇಟೆಯ ಕಾಲ ಶುರುವಾಗಲು ಆರು ವಾರ. ತೋಟಾ ತುಂಬಲಾಗದಿದ್ದರೆ ಅವಳ ಅಪ್ಪನ ರೈಫಲ್ ಗೋಡೆಯ ಮೇಲಿನ ಕೋಲಾಗುತ್ತದೆ.

ಆಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಊಟದ ಮಧ್ಯೆ ಎದ್ದು ನೆಲಮಾಳಿಗೆಗೆ ಹೋಗುವಳು, ಬರಿಗೈಲಿ ಬರುವಳು. ಕಿಟಕಿ ತೆಗೆಯುವಳು, ಮುಚ್ಚುವಳು. ನಾನು ಶಾಲೆ ಬಿಟ್ಟಾಗಿನಿಂದ ಅವಳ ಮನೆಯಲ್ಲೇ ಇದ್ದೇನೆ. ಅವಳು ಓಡಾಡಿದರೆ ನನಗೂ ಕೂರಲಾಗುವುದಿಲ್ಲ. ಇಬ್ಬರೂ ಸೇರಿ ಒಂದೇ ತಟ್ಟೆಯನ್ನು ಎರಡೆರಡು ಸಲ ತೊಳೆದಿಡುತ್ತಿದ್ದೆವು.

ಬಂದೂಕು ಅಂಗಡಿಯ ಮೆರ್ಲ್ ಮತ್ತು ಅವಳು ಒಂದೇ ಶಾಲೆಯಲ್ಲಿ ಓದಿದವರು. ಅವನು ಒಳ್ಳೆಯ ಮಾತಿನಲ್ಲೇ ಹೇಳಿದ, “ಆರ್ಡಿಸ್, ನಾನು ತುಂಬಿಕೊಡ್ತೀನಿ ಬಿಡು. ಐವತ್ತು ತೋಟಾ, ಒಂದು ಮಧ್ಯಾಹ್ನದ ಕೆಲಸ.”

“ನಿನ್ನ ಹಲ್ಲುಜ್ಜೋ ಬ್ರಷ್ಷನ್ನೂ ಕೊಡ್ತೀಯೇನೋ?” ಅಂದಳು ಚಿಕ್ಕಜ್ಜಿ.

ಮೆರ್ಲ್ ಬೇಸರ ಮಾಡಿಕೊಳ್ಳಲಿಲ್ಲ. ಬೇರೆಯವರು ತುಂಬಿದ ತೋಟಾ ಹಾರಿಸಬಾರದು ಎನ್ನುವುದು ನಮ್ಮ ಕಡೆ ಎಲ್ಲರೂ ಪಾಲಿಸುವ ಮಾತು. ಅಣ್ಣ ತುಂಬಿದ್ದನ್ನು ತಮ್ಮ ಹಾರಿಸುವುದಿಲ್ಲ. ಒಳಗೆ ಏನು ಹಾಕಿದ್ದಾರೋ ಕಂಡವರಿಲ್ಲ, ಸಿಡಿಯುವುದು ನಮ್ಮ ಕೆನ್ನೆಯ ಪಕ್ಕ.

“ಹಾಗಾದ್ರೆ ಯಂತ್ರ ತಗೋ,” ಅಂದ ಅವನು. “ಎಷ್ಟು ಬೇಕು ಅಂತ ಒತ್ತಿದ್ರೆ ಅದೇ ಸುರಿದು, ಅದೇ ತೂಗಿ, ಅದೇ ನಿಲ್ಲುತ್ತೆ.”

ಅವನ ಅಂಗಡಿಯಲ್ಲಿ ಮೂರು ಯಂತ್ರಗಳಿದ್ದವು. ಮೂರಕ್ಕೂ ತಲೆಯ ಮೇಲೆ ಮದ್ದು ತುಂಬುವ ಪಾರದರ್ಶಕ ಸೀಸೆ, ಮುಂದೆ ತಿರುಗುವ ಕೊಳವೆ, ಅದರಡಿ ತೂಕದ ತಟ್ಟೆ. ನಾವು ಮೂರು ಶನಿವಾರ ಹೋದೆವು. ಚಿಕ್ಕಜ್ಜಿ ತನ್ನ ಹಳೆಯ ತಕ್ಕಡಿಯನ್ನು ಟವೆಲಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬರುತ್ತಿದ್ದಳು. ಯಂತ್ರ ಸುರಿದದ್ದನ್ನು ನಾನು ತಕ್ಕಡಿಗೆ ಹಾಕುವುದು, ಅವಳು ಬಗ್ಗಿ ಮುಳ್ಳು ನೋಡುವುದು, ನಾನು ಬರೆದುಕೊಳ್ಳುವುದು.

ದೊಡ್ಡ ಯಂತ್ರಕ್ಕೆ ಫೋನಿನಿಂದಲೇ ಹೇಳಬಹುದಿತ್ತು. “ನನ್ನ ಮಾತು ಕೇಳೋಕೆ ಅದಕ್ಕೆ ಫೋನ್ ಬೇಕಾ?” ಎಂದು ಅದನ್ನು ಬಿಟ್ಟಳು. ಎರಡನೆಯದಕ್ಕೆ ಬಲು ಅವಸರ, ಹತ್ತು ಸಲ ಸುರಿದರೆ ಒಂದು ಸಲ ಎರಡು ಹರಳು ಹೆಚ್ಚು ಚೆಲ್ಲಿ ಸುಮ್ಮನಿರುತ್ತಿತ್ತು. ಮೂರನೆಯದು ಬೂದು ಬಣ್ಣದ್ದು, ನೋಡಲು ಚೆಂದವಿಲ್ಲ, ನಿಧಾನ. ಆದರೆ ಹೆಚ್ಚಾದರೆ ಕೂಗುತ್ತಿತ್ತು, ತಟ್ಟೆ ಎತ್ತುವವರೆಗೂ ಕೂಗು ನಿಲ್ಲಿಸುತ್ತಿರಲಿಲ್ಲ. ಖಾಲಿ ತಟ್ಟೆಯನ್ನು ಇಪ್ಪತ್ತು ಸಲ ಎತ್ತಿ ಇಟ್ಟಳು. ಇಪ್ಪತ್ತು ಸಲವೂ ಸೊನ್ನೆಗೆ ಬಂತು.

“ಆರ್ಡಿಸ್,” ಅಂದ ಮೆರ್ಲ್, “ಗಂಡನ್ನ ಆರಿಸೋಕೂ ನೀನು ಇಷ್ಟು ಹೊತ್ತು ತಗೊಂಡಿರಲಿಲ್ಲ.”

“ಅವನು ಸೊನ್ನೆಗೆ ವಾಪಸ್ ಬರ್ತಾನಾ ಅಂತ ಆಗ ನೋಡಬೇಕಿತ್ತು,” ಅಂದಳು. “ಇದನ್ನ ಖಾಲಿ ಮಾಡೋದು ಹೇಗೆ?”

“ಎಲ್ಲರೂ ತುಂಬೋದು ಹೇಗೆ ಅಂತ ಕೇಳ್ತಾರೆ.”

“ಕೇಳಲಿ.”

ಅವನು ಪಕ್ಕದ ಬಾಗಿಲು ತೆರೆದು ಸುರಿದು ತೋರಿಸಿದ. ಅವಳು ಕೊಳವೆಯನ್ನು ಬೆರಳಿನಿಂದ ತಟ್ಟಿದಳು. ಒಳಗಿನಿಂದ ಇನ್ನೂ ಮೂರು ಹರಳು ಬಿದ್ದವು. “ಮೂರು ಉಳಿಯುತ್ತೆ ಅಂತ ಬರ್ಕೋ ಲಿವ್,” ಅಂದಳು. ಲಿವ್ ಎಂದರೆ ನಾನು. ಬರೆದುಕೊಂಡೆ. ಬೂದು ಯಂತ್ರವನ್ನೇ ತಂದೆವು.

ಮನೆಗೆ ಬಂದ ಮೇಲೆ ನೆಮ್ಮದಿ ಸಿಗುತ್ತದೆ ಎಂದುಕೊಂಡಿದ್ದೆ. ಸಿಗಲಿಲ್ಲ. ಅಡುಗೆಮನೆಯಲ್ಲಿಟ್ಟರೆ ಅಂಕಿ ತಾನಾಗಿಯೇ ಹರಿದಾಡಿತು. ಟ್ಯೂಬ್‌ಲೈಟಿನ ಕಾಟ ಇರಬೇಕು ಎಂದಳು. ಗ್ಯಾರೇಜಿನಲ್ಲಿ ಹೀಟರಿನ ಗಾಳಿ. ಮಲಗುವ ಕೋಣೆಯಲ್ಲಿ ನೆಲವೇ ಹಲಗೆಯದು, ಬೆಕ್ಕು ನಡೆದರೂ ಗೊತ್ತಾಗುತ್ತಿತ್ತು. ನಾಲ್ಕು ದಿನದಲ್ಲಿ ಆರು ಕಡೆ ಹೊತ್ತು ತಿರುಗಿದೆವು. ಕೊನೆಗೆ ನೆಲಮಾಳಿಗೆಯ ಸಿಮೆಂಟ್ ಕಟ್ಟೆಯ ಮೇಲೆ ನಿಂತಿತು. ಅಲ್ಲೂ ಗೂಡ್ಸ್ ರೈಲು ಹೋದಾಗ ಅಂಕಿ ಕುಣಿಯುತ್ತಿತ್ತು. “ರೈಲಿಗೆ ಕಾಯೋದು ನಂಗೆ ಹೊಸದಲ್ಲ,” ಅಂದಳು. ರೈಲಿನ ಸದ್ದು ಕೇಳಿದ ಕೂಡಲೇ ಇಬ್ಬರೂ ಕೈ ಕಟ್ಟಿ ಕೂರುವುದು, ಸದ್ದು ಅಡಗಿದ ಮೇಲೆ ಸೊನ್ನೆ ನೋಡಿ ಮತ್ತೆ ಶುರು.

ಆದರೆ ಯಂತ್ರ ಮಾಡದ ಒಂದು ಕೆಲಸ ಉಳಿದಿತ್ತು. ತಟ್ಟೆಯಲ್ಲಿ ಬಿದ್ದ ಮದ್ದನ್ನು ಎತ್ತಿ ತೋಟಾದ ಬಾಯಿಗೆ ಸುರಿಯಬೇಕಲ್ಲ. ಅದು ಕೈಯ ಕೆಲಸ. ಮೊದಲ ತಟ್ಟೆ ಎತ್ತಿದಾಗಲೇ ಕಟ್ಟೆಯ ತುಂಬ ಹರಳು ಚೆಲ್ಲಿತು. ಎರಡನೆಯದೂ ಚೆಲ್ಲಿತು. ಅವಳು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

“ಮೂರು ಶನಿವಾರ,” ಅಂದಳು. “ಒಬ್ಬರಿಗಾದ್ರೂ ಇದು ಹೊಳೀಲಿಲ್ಲ ನೋಡು.”

“ನಾನು ಸುರೀತೀನಿ ಅಜ್ಜಿ,” ಅಂದೆ.

ಅವಳು ಬಹಳ ಹೊತ್ತು ನನ್ನ ಕೈ ನೋಡಿದಳು. ಆಮೇಲೆ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡಳು.

ಅವಳ ಕಟ್ಟೆಯ ನಿಯಮ ಸಣ್ಣದು. ಕಟ್ಟೆಯ ಮೇಲೆ ಒಂದೇ ಡಬ್ಬಿ ಮದ್ದು ಇರಬೇಕು, ಯಂತ್ರದ ಸೀಸೆಯಲ್ಲಿ ಮದ್ದಿರುವವರೆಗೂ ಆ ಡಬ್ಬಿ ಅಲ್ಲೇ ಪಕ್ಕದಲ್ಲಿರಬೇಕು. ಕಪಾಟಿನಲ್ಲಿ ಎರಡು ಡಬ್ಬಿಗಳಿದ್ದವು, ಒಂದು ಅವಳ ರೈಫಲ್ಲಿನದು, ಇನ್ನೊಂದು ನನ್ನ ಚಿಕ್ಕ ರೈಫಲ್ಲಿನದು. ಒಂದೇ ಕಂಪನಿ, ಒಂದೇ ಬಣ್ಣ, ಬೇರೆ ಇರುವುದು ಅಂಕಿ ಮಾತ್ರ. ಮಂಗಳವಾರ ಬೆಳಿಗ್ಗೆ ಚಿಕ್ಕಜ್ಜಿ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ನಾನು ಮುಚ್ಚಳ ಬಿಚ್ಚಿ ಸೀಸೆಗೆ ಸುರಿದೆ. ಹನ್ನೆರಡು ತೋಟಾ ತುಂಬಿದೆವು. ದೂರದ ರೈಲಿನ ಸದ್ದು ಬಂತು. ಊಟ ಮಾಡಿ ಬರೋಣ ಎಂದಳು. ನಾನು ಕಟ್ಟೆ ಒರೆಸಿದೆ. ಒರೆಸುವಾಗ ಡಬ್ಬಿಯನ್ನು ಎತ್ತಿ ಕಪಾಟಿನಲ್ಲಿ ನೀಟಾಗಿ ಇಟ್ಟೆ.

ಊಟ ಮುಗಿಸಿ ಕೆಳಗೆ ಬಂದವಳು ಮೆಟ್ಟಿಲ ಮೇಲೇ ನಿಂತಳು.

“ಡಬ್ಬಿ ಎಲ್ಲಿ?”

“ಕಪಾಟಿನಲ್ಲಿಟ್ಟೆ. ನಿನ್ನ ರೈಫಲ್ಲಿಂದೇ ಅಜ್ಜಿ, ನಂಗೆ ಗೊತ್ತು.”

“ಅಂಕಿ ಓದಿದ್ಯಾ?”

ನಾನು ಓದಿರಲಿಲ್ಲ. ಅವಳು ತೆಗೆದಿಟ್ಟದ್ದಲ್ಲವೇ, ಅವಳು ಓದಿಯೇ ಇರುತ್ತಾಳೆ ಎಂದುಕೊಂಡಿದ್ದೆ. “ನೀನು ಓದಿರ್ತೀಯ ಅಂತ...” ಅಂದೆ.

“ಸುರಿಯೋಳು ನೀನು, ನೀನು ಓದ್ತೀಯ ಅಂತ ನಾನು,” ಅಂದಳು.

ಅವಳಿಗೆ ಒಂದು ಅಭ್ಯಾಸವಿದೆ. ಕೆಲಸ ಮುಗಿದ ಮೇಲೆ ಪ್ರತಿ ಡಬ್ಬಿಯನ್ನೂ ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು, ಎಷ್ಟಿದೆ ಎಂದು ಡಬ್ಬಿಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಬರೆಯುತ್ತಾಳೆ. ಬಂದ ತೂಕ, ಹೋದ ತೂಕ. ಗೋದಾಮಿನ ಚಾಳಿ. ಮೆರ್ಲ್ ಇದಕ್ಕೂ ನಗುತ್ತಾನೆ. ಈಗ ಎರಡೂ ಡಬ್ಬಿಗಳನ್ನು ಮೇಲೆ ತೆಗೆದುಕೊಂಡು ಹೋದಳು, ನಾನು ಹಿಂದೆ ಹೋದೆ. ಅವಳ ರೈಫಲ್ಲಿನ ಡಬ್ಬಿ ಪಟ್ಟಿಯಲ್ಲಿ ಬರೆದಷ್ಟೇ ಇತ್ತು, ಒಂದು ಕೂದಲೆಳೆ ಕಡಿಮೆಯಿಲ್ಲ. ನನ್ನ ಡಬ್ಬಿ ಹಗುರವಾಗಿತ್ತು.

ನನ್ನ ಮದ್ದು ಬೇಗ ಉರಿಯುವಂಥದ್ದು. ಅವಳ ರೈಫಲ್ಲಿಗೆ ಅಷ್ಟು ತೂಕ ಹಾಕಿದರೆ ಏನಾಗುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಹನ್ನೆರಡೂ ಸಾಲಾಗಿ ಹೊಳೆಯುತ್ತ ನಿಂತಿದ್ದವು. ಯಂತ್ರ ಒಂದು ಹರಳನ್ನೂ ತಪ್ಪಾಗಿ ತೂಗಿರಲಿಲ್ಲ.

ಚಿಕ್ಕಜ್ಜಿ ಬೈಯಲಿಲ್ಲ. ಗುಂಡು ಬಿಡಿಸುವ ಪ್ಲಾಸ್ಟಿಕ್ ಸುತ್ತಿಗೆ ಕೊಟ್ಟಳು. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ನೆಲಕ್ಕೆ ಬಡಿದರೆ ಗುಂಡು ಕಳಚಿಕೊಳ್ಳುತ್ತದೆ. ಹನ್ನೆರಡನ್ನೂ ಬಡಿದೆ. ತೋಳು ನೋಯಿತು. ಸೀಸೆಯಲ್ಲಿದ್ದದ್ದು, ತೋಟಾದಲ್ಲಿದ್ದದ್ದು, ಕೊಳವೆ ತಟ್ಟಿದಾಗ ಬಿದ್ದ ಆ ಮೂರು ಹರಳು, ಎಲ್ಲವನ್ನೂ ಅವಳು ಹಿತ್ತಲಿನ ರೂಬಾರ್ಬ್ ಗಿಡದ ಬುಡಕ್ಕೆ ಸುರಿಸಿದಳು. ನಮ್ಮ ಕಡೆ ಕೆಟ್ಟ ಮದ್ದು ಗೊಬ್ಬರಕ್ಕೆ ಹೋಗುತ್ತದೆ.

“ಯಾವುದು ಅಂತ ಗೊತ್ತಾಯ್ತಲ್ಲ ಅಜ್ಜಿ, ವಾಪಸ್ ನನ್ನ ಡಬ್ಬಿಗೆ ಹಾಕಬಹುದಿತ್ತು,” ಅಂದೆ.

“ತೂಕ ಹೇಳ್ತು. ಕಣ್ಣಿಂದ ಕಂಡವರು ಯಾರು?” ಅಂದಳು.

ಆಮೇಲೆ ಆರು ದಿನ ಅವಳು ನೆಲಮಾಳಿಗೆಗೆ ಇಳಿಯಲಿಲ್ಲ. ಬೇಲಿಯವರೆಗೆ ನಡೆಯುವಳು, ತಿರುಗಿ ಬರುವಳು, ಮತ್ತೆ ನಡೆಯುವಳು. ಒಂದು ದಿನ ಫೋನಿನಲ್ಲಿ ಮೆರ್ಲ್‌ಗೆ ಹೇಳುತ್ತಿದ್ದುದು ಕೇಳಿಸಿತು. “ಆ ರೈಫಲ್ ಯಾರಿಗಾದ್ರೂ ಬೇಕಾ ಕೇಳು.” ನಾನು ಎಲ್ಲದರಲ್ಲೂ ಜಾಗ್ರತೆ ಎಂದೇ ಅವಳು ನನ್ನನ್ನು ಕಟ್ಟೆಯ ಮುಂದೆ ಕೂರಿಸಿದ್ದು. ನನ್ನ ಜಾಗ್ರತೆ ಕಟ್ಟೆ ಒರೆಸುವುದಕ್ಕೆ ಮಾತ್ರ ಸಾಕಾಗಿತ್ತು.

ಯೋಚಿಸಿ ಯೋಚಿಸಿ ಒಂದು ತಿಳಿಯಿತು. ಒಬ್ಬಳೇ ಇದ್ದಾಗ ಚಿಕ್ಕಜ್ಜಿ ತನಗೆ ತಾನೇ ಓದಿಕೊಳ್ಳುತ್ತಿದ್ದಳು. ಇಬ್ಬರಾದ ಮೇಲೆ ಓದುವುದು ಇಬ್ಬರ ನಡುವೆ ಬಿದ್ದುಹೋಯಿತು. ಅವಳ ನಿಯಮವೆಲ್ಲ ಒಬ್ಬಳ ಕಟ್ಟೆಗೆ ಮಾಡಿದ್ದು.

ಏಳನೆಯ ದಿನ ಬೆಳಿಗ್ಗೆ ಅವಳು ಕಾಫಿ ಕುಡಿಯುತ್ತಿರುವಾಗ ಕಪಾಟಿನಿಂದ ಅವಳ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಎದ್ದು ನಿಂತೆ. ಗಂಟಲು ಕಟ್ಟಿಕೊಂಡಿತು, ತರಗತಿಯಲ್ಲಿ ಕಟ್ಟಿಕೊಳ್ಳುತ್ತಿದ್ದ ಹಾಗೆಯೇ. ಅವಳು ಲೋಟ ಕೆಳಗಿಟ್ಟು ಕಾದಳು. ರೈಲಿಗೆ ಕಾಯುವ ಹಾಗೆ ಕಾದಳು. ನಾನು ಡಬ್ಬಿಯ ಮೇಲಿನ ಹೆಸರನ್ನೂ ಅಂಕಿಯನ್ನೂ ಗಟ್ಟಿಯಾಗಿ ಓದಿದೆ. ಒಂದು ಕಡೆ ತಡವರಿಸಿದೆ, ಮತ್ತೆ ಮೊದಲಿನಿಂದ ಓದಿದೆ.

ಅವಳು ಡಬ್ಬಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ತಾನೂ ಓದಿದಳು.

“ಹಾಗಾದ್ರೆ ಸುರಿಯೋ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ,” ಅಂದಳು. “ಇಬ್ಬರೂ. ಬಾಯಿಬಿಟ್ಟು. ಗೊಣಗೋ ಹಾಗಿಲ್ಲ.”

“ಆಯ್ತು.”

“ಮತ್ತೆ ಪೆಟ್ಟಿಗೆ ಮೇಲೆ ಯಾರ ಹೆಸರು ಬರೀತೀಯ?”

ತುಂಬಿದ ತೋಟಾದ ಪೆಟ್ಟಿಗೆಯ ಮೇಲೆ ತುಂಬಿದವರ ಹೆಸರು ಇರಲೇಬೇಕು. ಅದಿಲ್ಲದ ಪೆಟ್ಟಿಗೆಯನ್ನು ಯಾರೂ ಮುಟ್ಟುವುದಿಲ್ಲ. ಅವಳೇ ಚೀಟಿ ತೆಗೆದುಕೊಂಡು ನಡುಗುವ ಕೈಯಲ್ಲಿ ತನ್ನ ಹೆಸರು ಬರೆದು, ಪೆನ್ನನ್ನು ನನ್ನ ಕಡೆ ತಳ್ಳಿದಳು. ನಾನು ಅದರ ಕೆಳಗೆ ನನ್ನ ಹೆಸರು ಬರೆದೆ. ಎರಡೂ ಅಕ್ಷರ ಒಂದಕ್ಕಿಂತ ಒಂದು ಕೆಟ್ಟದಾಗಿವೆ.

ಅವತ್ತು ಎಂಟು ತುಂಬಿದೆವು. ಮಾರನೆಯ ದಿನ ಗುಂಡು ಹಾರಿಸುವ ಮೈದಾನಕ್ಕೆ ಹೋದೆವು. ಮೆರ್ಲ್ ಅಲ್ಲೇ ಇದ್ದ. ಪೆಟ್ಟಿಗೆ ಎತ್ತಿ ಚೀಟಿ ಓದಿ, “ಆರ್ಡಿಸ್, ಎರಡು ಹೆಸರಿದೆ ಇಲ್ಲಿ,” ಅಂದ.

“ನಂಗೂ ಓದೋಕೆ ಬರುತ್ತೆ,” ಅಂದಳು. ರೈಫಲನ್ನು ಮರಳಿನ ಚೀಲದ ಮೇಲೆ ಒರಗಿಸಿ, ಕೆನ್ನೆ ಇಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ಬಂತು, ಎಂದಿನ ಸದ್ದೇ. ಕಣ್ಣು ತೆರೆದಾಗ ಅವಳು ಖಾಲಿ ತೋಟಾ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನೋಡಿ ಜೇಬಿಗೆ ಹಾಕಿಕೊಂಡಳು.

ಅವಳಿಗೆ ಇನ್ನೂ ನೆಮ್ಮದಿಯಿಲ್ಲ. ನಿನ್ನೆಯೂ ಎರಡು ಸಲ ಎದ್ದು ಹೋಗಿ ಡಬ್ಬಿಗಳನ್ನು ನೋಡಿ ಬಂದಳು. ನಾನೂ ಒಂದು ಸಲ ಹೋಗಿ ಬಂದೆ. ಬೇಟೆಯ ಕಾಲಕ್ಕೆ ಇನ್ನು ಒಂಬತ್ತು ದಿನ ಇದೆ. ಈ ಕಾಗದಗಳನ್ನು ಇವತ್ತು ಗ್ರಂಥಾಲಯಕ್ಕೆ ಕೊಟ್ಟು ಬರುತ್ತೇನೆ. ನಾಳೆ ಬೆಳಿಗ್ಗೆ ಮೊದಲ ರೈಲು ಹೋದ ಮೇಲೆ, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಇಬ್ಬರೂ ಅಂಕಿಯನ್ನು ಗಟ್ಟಿಯಾಗಿ ಓದಿ, ಇನ್ನೂ ಹನ್ನೆರಡು ತೋಟಾ ತುಂಬುತ್ತೇವೆ.