ಕೆಂಪಿರುವೆ ತೊಟ್ಟಿಲಿಗೆ ಇಳಿದ ವರ್ಷ

ಕಾಲುವೆಗೆ ಮೊದಲ ನೀರು ಬಿಟ್ಟ ಕಾಲವನ್ನು ಕಂಡವರು ನಮ್ಮ ಶಹಾಪುರ, ಸುರಪುರದ ಕಡೆ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಕೇಳಿದರೆ ನೀರಿನ ಸುದ್ದಿ ಹೇಳುತ್ತಾರೆ, ಭತ್ತದ ಸುದ್ದಿ ಹೇಳುತ್ತಾರೆ, ಹೊಲದ ರೇಟು ಏರಿದ್ದು ಹೇಳುತ್ತಾರೆ. ಇರುವೆಯ ಸುದ್ದಿ ಯಾರೂ ಎತ್ತುವುದಿಲ್ಲ. ನನಗೆ ಮಾತ್ರ ಆ ವರ್ಷ ಅಂದ ಕೂಡಲೇ ಇರುವೆಯೇ ಮೈಮೇಲೆ ಹರಿದಂತಾಗುತ್ತದೆ.

ಅದಕ್ಕೂ ಮೊದಲು ನಮ್ಮದು ಜೋಳ, ತೊಗರಿಯ ಊರು. ಬೇಸಿಗೆಯಲ್ಲಿ ಎರೆಮಣ್ಣು ಬಿರಿದರೆ ನನ್ನ ಕೈ ಮೊಣಕೈತನಕ ಸೀಳಿನೊಳಗೆ ಹೋಗುತ್ತಿತ್ತು. ಮನೆಯ ಹಿಂದೆ ಬೇವಿನ ಗಿಡದ ಬುಡದಲ್ಲಿ ದೊಡ್ಡ ಕರಿ ಇರುವೆಗಳ ಗೂಡು. ಅವಕ್ಕೆ ನಾವು ಗೊದ್ದ ಅನ್ನುತ್ತಿದ್ದೆವು. ನನ್ನ ಅಪ್ಪನ ತಾಯಿ, ನಮ್ಮ ಆಯಿ, ದಿನಾ ಮುಂಜಾನೆ ರೊಟ್ಟಿಗೆ ಹಿಟ್ಟು ನಾದುವ ಮೊದಲು ಒಂದು ಹಿಡಿ ಜೋಳದ ಹಿಟ್ಟಿಗೆ ಚಿಟಿಕೆ ಸಕ್ಕರೆ ಬೆರೆಸಿ ಆ ಗೂಡಿನ ಬಾಯಿಗೆ ಉದುರಿಸಿ ಬರುತ್ತಿದ್ದಳು. ಹಸಿ ಹಿಟ್ಟಿನ ವಾಸನೆ, ಒಲೆಯ ಹೊಗೆ, ಆಯಿಯ ಸೀರೆಯ ಎಲೆಯಡಿಕೆ ವಾಸನೆ ಮೂರೂ ಕೂಡಿದರೆ ನಮ್ಮನೆಯಲ್ಲಿ ಬೆಳಗಾಯಿತು ಅಂತ ಲೆಕ್ಕ.

"ಆಯಿ, ಅವಕ್ಯಾಕ ಸಕ್ಕರಿ? ನನಗ ಕೊಡಲ್ಲ ನೀ," ಅಂತ ನಾನು ಜಗಳ ತೆಗೆಯುತ್ತಿದ್ದೆ.

"ಅವುಗಳ ಪಾಲು ಅವಕ್ಕ ಹೊರಗ ಕೊಟ್ರ ಒಳಗ ಬರಂಗಿಲ್ಲ ಸಂಗಿ. ನಿನಗ ಹೊರಗ ಕೊಟ್ರೂ ಒಳಗ ಬರ್ತಿ."

ನಿಜ ಹೇಳಬೇಕೆಂದರೆ ಅವು ಒಳಗೆ ಬರುತ್ತಲೇ ಇರಲಿಲ್ಲ. ಬೆಲ್ಲದ ಡಬ್ಬಿ ಮುಚ್ಚಳವಿಲ್ಲದೆ ಇದ್ದರೂ ಬರುತ್ತಿರಲಿಲ್ಲ. ನಾನು ಮುಂದೆ ಶಹಾಪುರದ ಬಜಾರದಲ್ಲಿ ಭಾಂಡೆ ಪಾತ್ರೆಗಳ ಅಂಗಡಿ ಇಟ್ಟೆ. ಹೈದರಾಬಾದಿನ ಸಗಟು ವ್ಯಾಪಾರಿಗಳನ್ನೂ ಬಗ್ಗಿಸಿ ಮಾಲು ತಂದವಳು ನಾನು. ಎರಡೂ ಕಡೆಯವರು ಬಾಯಿಬಿಡದೆ ಪಾಲಿಸುವ ಸೌದಾ ಅಂದರೆ ಏನು ಅಂತ ಕಲಿತದ್ದು ಮಾತ್ರ ಆ ಬೇವಿನ ಬುಡದಲ್ಲಿ.

ಆಮೇಲೆ ನೀರು ಬಂತು. ನಮ್ಮ ಮನೆಯ ಹಿಂದಿನ ಹೊಲವನ್ನು ಅದರ ಮಾಲಕರು, ನೀರಿನ ಬೆನ್ನು ಹಿಡಿದು ಪರಸ್ಥಳದಿಂದ ಬಂದು ನೆಲೆಸಿದ ಕ್ಯಾಂಪಿನ ರೈತರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟರು. ಅವರು ಒಡ್ಡು ಕಟ್ಟಿ ಭತ್ತ ಹಚ್ಚಿದರು. ನಾವು ಹುಡುಗಿಯರೆಲ್ಲ ಸಣ್ಣ ಕಾಲುವೆಯ ದಂಡೆಗೆ ಓಡಿದೆವು. ನೀರಿನ ಮೇಲೆ ತೆಂಗಿನಕಾಯಿಯಷ್ಟು ದೊಡ್ಡದೊಂದು ಕೆಂಪು ಉಂಡೆ ತೇಲುತ್ತ ಬರುತ್ತಿತ್ತು. ಹುಣಸೆಹಣ್ಣಿನ ಉಂಡೆ ಯಾರದೋ ಬಿದ್ದಿದೆ ಅಂತ ನಾನು ಎರಡೂ ಕೈ ಹಾಕಿ ಎತ್ತಿಕೊಂಡೆ. ಉಂಡೆ ಕೈಯಲ್ಲೇ ಬಿಚ್ಚಿತು. ಎಲ್ಲಾ ಇರುವೆ. ಗೂಡು ಮುಳುಗಿದಾಗ ಒಂದನ್ನೊಂದು ಹಿಡಿದುಕೊಂಡು, ನಡುವೆ ತತ್ತಿ ಇಟ್ಟುಕೊಂಡು ತೇಲುವ ಜಾತಿ ಅದು. ತೋಳಿನತನಕ ಬೆಂಕಿ ಹತ್ತಿದಂತಾಯಿತು. ಮರುದಿನ ಒಂದೊಂದು ಕಡಿತದ ತುದಿಗೂ ಸಾಬೂದಾಣಿಯಂಥ ಬಿಳಿ ಗುಳ್ಳೆ.

ಗುರುತು ಇಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ. ಕರಿ ಗೊದ್ದ ನೀವು ಹಿಸುಕಿದರೆ ಮಾತ್ರ ಕಚ್ಚುತ್ತದೆ, ನೋವು ಒಂದು ಗಳಿಗೆಯದು. ಈ ಸಣ್ಣ ಕೆಂಪಿರುವೆ ಹಾಗಲ್ಲ. ಬಾಯಿಂದ ಚರ್ಮ ಹಿಡಿದುಕೊಂಡು ಹಿಂದಿನಿಂದ ಮುಳ್ಳು ಚುಚ್ಚುತ್ತದೆ, ಅದೂ ಗುಂಪಾಗಿ. ಬಡಿದರೆ ಇನ್ನೂ ಚುಚ್ಚುತ್ತವೆ. ಒರಟು ಬಟ್ಟೆಯಿಂದ ಸರಸರ ಒರೆಸಿ ತೆಗೆಯಬೇಕು. ಗುಳ್ಳೆ ಒಡೆಯಬಾರದು. ಗದ್ದೆಯ ಒಡ್ಡಿನ ಮೇಲೆ ಉದುರು ಮಣ್ಣಿನ ಗುಡ್ಡೆ ಕಂಡರೆ ಅಲ್ಲಿ ಬುತ್ತಿ ಬಿಚ್ಚಬೇಡಿ. ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ಹೇಳುವವರು ಯಾರೂ ಇರಲಿಲ್ಲ. ನೀರು ಬಿಟ್ಟವರು ನೀರು ಬಿಟ್ಟು ಹೋದರು.

ಅದೇ ಹೊತ್ತಿನಲ್ಲಿ ನೀಲತ್ತಿ ಬಾಣಂತನಕ್ಕೆ ಬಂದಿದ್ದಳು. ಅಪ್ಪನ ತಂಗಿ. ಕೊಟ್ಟಿದ್ದು ಗುರುಮಠಕಲ್ ಕಡೆ. ಮೊದಲ ಕೂಸು ಅತ್ತೆಯ ಮನೆಯಲ್ಲಿ ಹುಟ್ಟಿ ಉಳಿದಿರಲಿಲ್ಲ. ಈ ಸಲ ನನ್ನ ಕಣ್ಣ ಮುಂದೆಯೇ ಆಗಲಿ, ಐದು ತಿಂಗಳು ತುಂಬುವತನಕ ಕಳಿಸುವುದಿಲ್ಲ ಅಂತ ಆಯಿ ಬೀಗರ ಕೂಡ ಹಟ ಹಿಡಿದು ಕರೆತಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಮೆಂತ್ಯೆ, ಸಬ್ಬಸಿಗೆ, ತುಪ್ಪದಲ್ಲಿ ಹುರಿದ ಅಂಟಿನ ವಾಸನೆ ಮನೆ ತುಂಬಿತು.

ತೊಟ್ಟಿಲಿಗೆ ಹಾಕುವ ದಿನ ನಮ್ಮ ಮನೆತನದಲ್ಲಿ ಒಂದು ರಿವಾಜು. ಕೊಬ್ಬರಿ ಬಟ್ಟಲಲ್ಲಿ ಬೆಲ್ಲ ತುಂಬಿ, ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಹಗ್ಗ ತೊಲೆಗೆ ಸೇರುವಲ್ಲಿ ಗಂಟು ಕಟ್ಟುವುದು. ಕೂಸು ತಂದೆಯ ಮನೆಗೆ ಹೊರಡುವ ದಿನವೇ ಅದನ್ನು ಬಿಚ್ಚಬೇಕು. ಬಿಚ್ಚಿದ ಮೇಲೆ ಕೂಸು ಆ ಮನೆಯಲ್ಲಿ ನಿಲ್ಲುವಂತಿಲ್ಲ. ಆಯಿ ಅಪ್ಪನನ್ನು ಏಣಿ ಹತ್ತಿಸಿ ತಾನೇ ಕೆಳಗೆ ನಿಂತು, "ಬಿಗೀ ಕಟ್ಟೋ, ಇನ್ನೂ ಬಿಗೀ," ಅಂತ ಕಟ್ಟಿಸಿದಳು.

ಆ ದಿನ ನೀಲತ್ತಿಯ ಅತ್ತೆ ಬಂದಿದ್ದರು. ಗದ್ದೆಯ ನೀರು ಆಗಲೇ ಮಣ್ಣೊಳಗೆ ಇಂಗಿ, ಜವಳಾಗಿ ನಮ್ಮ ಪಡಸಾಲೆಯ ನೆಲಕ್ಕೆ ಏರಿತ್ತು. ಸಾರಿಸಿದ ನೆಲ ಆರುತ್ತಲೇ ಇರಲಿಲ್ಲ. ಆ ಹೆಣ್ಣುಮಗಳು ಚಾಪೆಯ ತುದಿ ಎತ್ತಿ ನೋಡಿ, "ನಿಮ್ಮೂರಿಗಿ ಕೆನಾಲ್ ಬಂದದ ಅಂತ ಕೇಳಿದ್ದೆ ಬೀಗರ. ಮನಿಯೊಳಗೇ ಬಂದದಂತ ಗೊತ್ತಿರಲಿಲ್ಲ," ಅಂದರು.

"ನೀರು ಬಂದ್ರ ಬರ್ಲಿ ಬಿಡ್ರಿ, ನಿಮ್ಮ ಮೊಮ್ಮಗಳಿಗಿ ಜಳಕಕ್ಕ ಆಗ್ತದ," ಅಂತ ಆಯಿ ನಕ್ಕಳು. ಬೀಗತಿ ನಗಲಿಲ್ಲ. "ಮೊದಲಿಂದು ನಮ್ಮ ಮನ್ಯಾಗ ಹೋತು ಅಂತ ಊರೆಲ್ಲ ಹೇಳಿದ್ರಿ. ಇದನ್ನ ಬರೋಬ್ಬರಿ ನೋಡ್ಕೋರಿ."

ಅವರು ಹೋದ ಮೇಲೆ ಇರುವೆ ಶುರುವಾದವು. ಮೊದಲು ಹಿತ್ತಲ ಬಾಗಿಲ ಸಂದಿಯಲ್ಲಿ, ಆಮೇಲೆ ಒಲೆಯ ಹಿಂದೆ, ಆಮೇಲೆ ಬಾಣಂತಿ ಮಂಚದ ಕೆಳಗೆ. ಒದ್ದೆ ನೆಲದೊಳಗೆ ಅವಕ್ಕೂ ಇರಲಿಕ್ಕೆ ಆಗಲಿಲ್ಲ, ಒಣ ಜಾಗ ಹುಡುಕಿ ಬಂದವು. ಬೂದಿ ಗೆರೆ ಎಳೆದೆವು, ತಂಪಿಗೆ ಬೂದಿಯೇ ಕೆಸರಾಯಿತು. ಅರಿಶಿನ ಹಾಕಿದರೆ ಸುತ್ತುಹಾಕಿ ಬಂದವು. ಬೆಲ್ಲ, ತುಪ್ಪ, ಅಂಟಿನುಂಡೆ ಎಲ್ಲಾ ನೀರು ತುಂಬಿದ ಅಗಲ ತಟ್ಟೆಯಲ್ಲಿ, ಪರಾತದಲ್ಲಿ ಇಟ್ಟೆವು. ಮಂಚದ ಕಾಲುಗಳಿಗೆ ನೀರಿನ ಬಟ್ಟಲು ಕೊಟ್ಟೆವು. ಅಪ್ಪ ಹೊಲಕ್ಕೆ ಹೊಡೆಯುವ ಪುಡಿ ತಂದು ಮೂಲೆಗೆ ಉದುರಿಸಿದ. ಆ ನಾತಕ್ಕೆ ಕೂಸು ಕೆಮ್ಮಲು ಹತ್ತಿತು.

"ಅಣ್ಣಾ, ಇರವಿ ಸಾಯೂಕಿಂತ ಮೊದಲ ನನ್ನ ಮಗಳ ಸಾಯ್ತಾಳ," ಅಂತ ನೀಲತ್ತಿ ಅತ್ತಳು. ಅವ್ವ ಅದನ್ನೆಲ್ಲ ಗುಡಿಸಿ ಹೊರಗೆ ಹಾಕಿ ಮತ್ತೆ ಮತ್ತೆ ಕೈ ತೊಳೆದುಕೊಂಡಳು.

ಆಯಿ ಮಾತ್ರ ತನ್ನ ಹಳೆಯ ದಾರಿಯನ್ನೇ ಹಿಡಿದಿದ್ದಳು. ಬೇವಿನ ಬುಡ ಮುಳುಗಿತ್ತು. ಗೊದ್ದಗಳು ಎಲ್ಲಿ ಹೋದವೋ. ಆದ್ದರಿಂದ ಹಿತ್ತಲ ಗೋಡೆಯ ಹೊರಗೆ ಕೆಂಪಿರುವೆ ಕಂಡಲ್ಲಿ ಹಿಟ್ಟು ಸಕ್ಕರೆ ಹಾಕಿ ಬರುತ್ತಿದ್ದಳು. "ಇಲ್ಲೇ ತಿನ್ರೆವ್ವಾ. ಒಳಗ ಬಾಣಂತಿ ಅದಾಳ, ಕೂಸದ. ನಿಮಗೂ ಮಕ್ಕಳದಾವ." ಅವು ಹಿಟ್ಟು ಬಿಟ್ಟು ಸಕ್ಕರೆ ಒಯ್ಯುತ್ತಿದ್ದವು. ಮರುದಿನ ಇನ್ನಷ್ಟು ಬರುತ್ತಿದ್ದವು.

"ಯವ್ವಾ, ನೀ ಅವನ್ನ ಸಾಕಾಕತ್ತೀ," ಅಂದ ಅಪ್ಪ.

"ಹೊಸಾವು ಅದಾವ. ರಿವಾಜು ಗೊತ್ತಿಲ್ಲ. ಕಲೀತಾವ."

ಕೂಸನ್ನು ಎಲ್ಲಿ ಮಲಗಿಸುವುದು ಅಂತ ಮಾತಾಯಿತು. ನೆಲ ಬೇಡ, ಮಂಚದಲ್ಲಿ ಹೊದಿಕೆ ಜಾರಿ ನೆಲಕ್ಕೆ ತಾಗುತ್ತದೆ. ತೊಟ್ಟಿಲೇ ಚಲೋ. ಗಾಳಿಯಲ್ಲಿ ತೂಗುವುದಕ್ಕೆ ಇರುವೆ ಎಲ್ಲಿಂದ ಹತ್ತೀತು? ನಾವೆಲ್ಲ ನೆಲ ಕಾಯುತ್ತ ಕುಳಿತೆವು. ಮೇಲೆ ಯಾರೂ ನೋಡಲಿಲ್ಲ.

ಒಂದು ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗಿದ್ದರು. ನೀಲತ್ತಿ ನೀರು ಹಾಕಿಕೊಳ್ಳಲು ಹೋಗಿದ್ದಳು. ನಾನು ಗೋಣಿಚೀಲದ ಮೇಲೆ ಅಂಗಾತ ಮಲಗಿ ಕಾಲಿನಿಂದ ತೊಟ್ಟಿಲು ತೂಗುತ್ತಿದ್ದೆ. ಕೂಸು ಚಿಟ್ಟನೆ ಚೀರಿತು. ಹಸಿವಿನ ಅಳು ಅಲ್ಲ ಅಂತ ನನಗೂ ತಿಳಿಯಿತು. ತಲೆ ಎತ್ತಿದರೆ ಮೇಲಿನ ಹಗ್ಗ ಕೆಂಪಗಿತ್ತು, ಸಣ್ಣಗೆ ನಡುಗುತ್ತಿತ್ತು. ತೊಲೆಯ ಬಿರುಕಿನಿಂದ ಅರಿಶಿನದ ಗಂಟಿಗೆ, ಗಂಟಿನಿಂದ ಹಗ್ಗದಗುಂಟ ತೊಟ್ಟಿಲಿಗೆ ಒಂದೇ ಸಾಲು.

"ಆಯಿ, ಮ್ಯಾಲಿಂದ ಬರಾಕತ್ತಾವ," ಅಂತ ಕೂಗಿದೆ.

ಅವ್ವ ಓಡಿಬಂದು ಕೂಸನ್ನು ಎತ್ತಿ ಬತ್ತಲೆ ಮಾಡಿ ಸೆರಗಿನಿಂದ ಒರೆಸಿದಳು. ಕತ್ತು, ಕಿವಿಯ ಹಿಂದೆ, ಒಂದು ಕಣ್ಣಿನ ರೆಪ್ಪೆ. ನೋಡುತ್ತಿದ್ದಂತೆಯೇ ಆ ಕಣ್ಣು ಊದಿ ಮುಚ್ಚಿಹೋಯಿತು. ನೀಲತ್ತಿ ಒದ್ದೆ ಕೂದಲಲ್ಲೇ ಬಂದು ನಿಂತಳು. ಅಳಲಿಲ್ಲ. ಆ ಮೊದಲ ಕೂಸು ಹೋದಾಗಲೂ ಹೀಗೇ ನಿಂತಿದ್ದಳಂತೆ.

ಶಹಾಪುರದ ಸರ್ಕಾರಿ ದವಾಖಾನೆಗೆ ಯಾರದೋ ಟ್ರ್ಯಾಕ್ಟರಿನಲ್ಲಿ ಹೋದರು. ಡಾಕ್ಟರಮ್ಮ ಔಷಧಿ ಕೊಟ್ಟು, ಕಡಿದ ಕಡೆ ಸಬಕಾರದ ನೀರಿನಿಂದ ತೊಳೆದು ತಣ್ಣೀರ ಬಟ್ಟೆ ಇಡಿ, ಸುಣ್ಣ ಗಿಣ್ಣ ಹಚ್ಚಬೇಡಿ, ತುಟಿ ಊದಿದರೆ, ಉಸಿರು ಎಳೆದರೆ ನಿಂತ ಕಾಲಲ್ಲಿ ಕರೆತನ್ನಿ ಅಂದರಂತೆ. ಸಂಜೆಗೆ ತಿರುಗಿ ಬಂದರು. ಕೂಸು ಉಸಿರಾಡುತ್ತಿತ್ತು. ಆ ಉಸಿರನ್ನೇ ಕೇಳುತ್ತ ಎಲ್ಲರೂ ಕುಳಿತಿದ್ದೆವು.

ಬೆಳಗಾದ ಮೇಲೆ ಅಪ್ಪ ಏಣಿ ಇಟ್ಟ. ತೊಲೆಯ ಬಿರುಕಿಗೆ ಬ್ಯಾಟರಿ ಹಿಡಿದು ನೋಡಿ ಕೆಳಗೆ ಇಳಿದ. "ಎಲ್ಲಾ ತೊಲಿಯೊಳಗೂ ಅದಾವ ಯವ್ವಾ. ಯಾವುದಕ್ಕ ಕಟ್ಟಿದ್ರೂ ಅಷ್ಟೇ."

"ಸರಿ. ಗಂಟು ಬಿಚ್ತೀನಿ," ಅಂದಳು ಆಯಿ.

"ಯವ್ವಾ, ಬಿಚ್ಚಬ್ಯಾಡ," ಅಂದಳು ನೀಲತ್ತಿ. "ಬಿಚ್ಚಿದ್ರ ನಾ ಹೋಗಬೇಕಾಗ್ತದ."

"ಬಿಚ್ಚಲಿಲ್ಲಂದ್ರ ಇದು ಹೋಗ್ತದ ನೀಲಾ."

ಆಯಿ ಏಣಿ ಹತ್ತಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಇರುವೆ ಆಕೆಯ ಮುಂಗೈಗೆ ಹತ್ತಿದವು, ಬಳೆಯೊಳಗೆ ಹೊಕ್ಕವು. ಕೈ ಕೊಡವಲಿಲ್ಲ. ಬಿಗಿಯಾಗಿ ಕಟ್ಟಿಸಿದ್ದು ತಾನೇ, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕೆಳಗೆ ಇಳಿದು ಬಟ್ಟೆ ತೆರೆದರೆ ಬೆಲ್ಲವಿರಲಿಲ್ಲ. ಕೊಬ್ಬರಿ ಬಟ್ಟಲು ಹಾಳೆಯಷ್ಟು ತೆಳ್ಳಗಾಗಿ, ಹಿಡಿದರೆ ಬೆಳಕು ಕಾಣುತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ನೀಲತ್ತಿ ಹೊರಟಳು. ಐದು ತಿಂಗಳ ಬಾಣಂತನ ಅರ್ಧಕ್ಕೂ ಬಂದಿರಲಿಲ್ಲ. ಆಯಿ ಅಂಟಿನುಂಡೆ ಕಟ್ಟಿಕೊಟ್ಟಳು. ಬೀಗತಿ ಏನೆನ್ನುತ್ತಾರೋ ಅಂತ ಅಂಜುತ್ತಲೇ ಅವ್ವ ಕೂಸಿನ ಬಟ್ಟೆ ಮಡಚಿ ಚೀಲಕ್ಕೆ ಹಾಕಿದಳು. ನೀಲತ್ತಿ ಕೂಸಿನ ಮುಖಕ್ಕೆ ಸೆರಗು ಹಾಕಿ, "ಕಣ್ಣು ಬಿಟ್ಟಾಗ ಕಾಗದ ಬರಸ್ತೀನಿ ಯವ್ವಾ," ಅಂದಳು. ಬಸ್ಸು ಹೋದ ಮೇಲೂ ಆಯಿ ಊದಿದ ಕೈ ಎತ್ತಿ ಹಾಗೇ ನಿಂತಿದ್ದಳು.

ಆ ಕೂಸು ಕಣ್ಣು ಬಿಟ್ಟಿತು. ಈಗ ಅವಳಿಗೂ ಮಕ್ಕಳಿದ್ದಾರೆ. ರೆಪ್ಪೆಯ ತುದಿಗೆ ಎಳ್ಳಿನಷ್ಟು ಕಲೆ ಇದೆ, ಅಷ್ಟೇ. ಬಾಣಂತನಕ್ಕೆಂದು ನೀಲತ್ತಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ಮನೆಯ ಗೋಡೆಯೂ ಜವಳು ತಿಂದು ಕುಸಿಯಿತು. ನಾವು ಊರ ಮೇಲಿನ ಗಟ್ಟಿ ನೆಲಕ್ಕೆ ಎದ್ದು ಬಂದೆವು.

ಇವತ್ತಿಗೂ ಅಂಗಡಿಗೆ ಬಾಣಂತಿಯರ ಮನೆಯವರು ಬಂದರೆ ಪರಾತದ ರೇಟು ಹೇಳುವ ಮೊದಲು ನಾನು ಕೇಳುವುದು, ತೊಟ್ಟಿಲು ಎಲ್ಲಿ ಕಟ್ಟೀರಿ ಅಂತ. ಹಗ್ಗದ ಮೇಲ್ತುದಿಗೆ ಬೇವಿನೆಣ್ಣೆಯ ಬಟ್ಟೆ ಸುತ್ತಿರಿ, ದಿನಾ ಬದಲಿಸಿರಿ, ಆದರೂ ನಂಬಿ ಕೂಡಬೇಡಿರಿ. ಕೂಸಿನ ಬಾಯಿಯ ಹಾಲು ಒರೆಸಿಯೇ ಮಲಗಿಸಿರಿ. ಹೊದಿಕೆ ಝಾಡಿಸಿರಿ. ಇರುವೆ ಪುಡಿ, ಇರುವೆ ಚಾಕ್‌ಪೀಸು ಏನೂ ಕೂಸಿನ ಹತ್ತಿರ ಒಯ್ಯಬೇಡಿರಿ. ಮುಖ್ಯ, ಮೇಲೆ ನೋಡಿರಿ. "ಎಷ್ಟು ಹೇಳ್ತೀರಿ ಅಕ್ಕಾರ, ಪರಾತ ಕೊಡ್ರಿ," ಅಂತ ನಗುತ್ತಾರೆ. ನಗಲಿ.

ನಾನು ಮಾತಿನಿಂದಲೇ ಬದುಕಿದವಳು. ಎದುರಿಗಿರುವವನಿಗೆ ಏನು ಬೇಕು ಅಂತ ತಿಳಿದರೆ ಯಾವ ಸೌದಾವನ್ನೂ ಕುದುರಿಸುತ್ತೇನೆ. ಆದರೆ ಆ ವರ್ಷ ಆಯಿಯ ಎದುರಿನ ಮಂದಿಯೇ ಬದಲಾಗಿದ್ದರು. ನೀಲತ್ತಿ ಹೋದ ಮರುದಿನ ಮುಂಜಾನೆ ಆಯಿ ಎಂದಿನಂತೆ ಒಂದು ಹಿಡಿ ಹಿಟ್ಟು ಹಿಡಿದು ಹಿತ್ತಲಿಗೆ ಹೋದಳು. ಬೇವಿನ ಬುಡದಲ್ಲಿ ನೀರು ನಿಂತಿತ್ತು. ಗೋಡೆಯ ಹತ್ತಿರ ಹೋಗಿ ನಿಂತಳು, ಅಲ್ಲೂ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಮುಷ್ಟಿಯ ಹಿಟ್ಟನ್ನು ತಿರುಗಿ ಡಬ್ಬಿಗೆ ಸುರುವಿದಳು.

"ಯಾಕ ಆಯಿ?" ಅಂದೆ.

"ಯಾರಿಗಿ ಹಾಕಲಿ ಸಂಗಿ?" ಅಂದಳು.