ಜಂಪರಿಗೆ ಒಪ್ಪದವನ ಸುತ್ತುದಾರಿ

ನೇರವಾಗಿ ಹೋಗಬಹುದಾದ ಕಡೆಗೂ ಸುತ್ತಿ ಬಳಸಿ ಹೋಗುವುದು ನನ್ನ ಹುಟ್ಟುಗುಣ. ಈ ಗುಣಕ್ಕೆ ಸಂಬಳ ಕೊಡುವ ಕೆಲಸವೂ ಸಿಕ್ಕಿತೆಂಬುದು ನನ್ನ ಪುಣ್ಯ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿ ಹತ್ತಿರದ ರಬಾಳೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಆಂಪ್ಲಿಫೈಯರ್ ಬೋರ್ಡುಗಳಿಗೆ ನಕ್ಷೆ ಹಾಕುತ್ತಿದ್ದೆ. ಗಣಪತಿ ಮಂಡಳಿಗಳ ಮೈಕ್ ಸೆಟ್ಟಿನೊಳಗೆ ಕೂರುವ ಬೋರ್ಡುಗಳು ಅವು.

ಬೋರ್ಡಿನ ಒಂದು ಮಗ್ಗುಲಲ್ಲಿ ಮಾತ್ರ ತಾಮ್ರದ ಗೆರೆಗಳು. ಅವೇ ಕರೆಂಟು ಓಡಾಡುವ ಹಾದಿ. ಎರಡು ಹಾದಿ ಒಂದನ್ನೊಂದು ಮುಟ್ಟಿದರೆ ಕೆಲಸ ಕೆಟ್ಟಿತು. ದಾಟಲೇಬೇಕಾದಲ್ಲಿ ಇನ್ನೊಂದು ಮಗ್ಗುಲಿನಿಂದ ತುಂಡು ತಂತಿ ಹಾಯಿಸಿ ಎರಡೂ ತುದಿ ಬೆಸೆಯುತ್ತಾರೆ. ಅದೇ ಜಂಪರ್. ವಿಜಾಪುರದವಳಾದ ನನ್ನ ಹೆಂಡತಿಗೆ ಜಂಪರ್ ಎಂದರೆ ಕುಪ್ಪಸ. ನನ್ನ ಆಫೀಸಿನ ಕಥೆಗಳನ್ನು ಅವಳು ಮೊದಮೊದಲು ಅನುಮಾನದಿಂದಲೇ ಕೇಳುತ್ತಿದ್ದಳು.

ಜಂಪರ್ ಹಾಕುವುದೆಂದರೆ ನನಗೆ ಅವಮಾನ, ದಾರಿ ಹುಡುಕಲು ಬುದ್ಧಿ ಸಾಲಲಿಲ್ಲ ಎಂದು ಒಪ್ಪಿಕೊಂಡಂತೆ. ಬೆಳಕಿನ ಮೇಜಿನ ಮೇಲೆ ಫಿಲ್ಮ್ ಹಾಸಿ ಗೆರೆಗಳಿಗೆ ಕಪ್ಪು ಟೇಪು ಅಂಟಿಸುತ್ತಿದ್ದ ಕಾಲದಿಂದಲೂ ಇದೇ ಹಟ. ಕಂಪ್ಯೂಟರ್ ಬಂದ ಮೇಲೆ ಗೆರೆ ಅಳಿಸಿ ಮತ್ತೆ ಎಳೆಯುವುದು ಸುಲಭವಾಗಿ, ಹಟ ಇನ್ನಷ್ಟು ಕೊಬ್ಬಿತು. ಆ ಸಾಫ್ಟ್‌ವೇರಿನಲ್ಲಿ ಜಂಪರ್ ಹಾಕಲೆಂದೇ ಒಂದು ಕೀಲಿ ಇತ್ತು. ನಾನು ಆ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಆ ವರ್ಷ ಅಮ್ಮ ನಮ್ಮ ಜತೆಗಿರಲೆಂದು ಉಡುಪಿಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಬಹಳ ದಿನಗಳಿಂದ ನಾನು ಆಸೆಪಟ್ಟದ್ದು ಅದು. ಒಂದು ಕೋಣೆ, ಒಂದು ಅಡಿಗೆಕಟ್ಟೆ. ಅಮ್ಮನ ಸಾರಿಗೆ ಬೆಲ್ಲ ಬೀಳಲೇಬೇಕು. ಹೆಂಡತಿಗೆ ಸಿಹಿ ಸಾರು ಗಂಟಲಲ್ಲಿ ಇಳಿಯದು. ಒಂದು ದಿನ ಅವಳು ನನ್ನನ್ನು ಮನೆಯ ಹೊರಗಿನ ಗ್ಯಾಲರಿಗೆ ಕರೆದು, “ಬೆಲ್ಲ ಒಂಚೂರು ಕಡಿಮಿ ಹಾಕ್ರಿ ಅಂತ ಅತ್ತಿಯವ್ರಿಗೆ ಹೇಳ್ರಿ” ಎಂದಳು.

ಹಾಗೆಯೇ ಹೇಳಿದರೆ ಅಮ್ಮ ನೊಂದುಕೊಂಡಾಳೆಂದು ನಾನು ಸುತ್ತು ಹಾಕಿದೆ. “ಈ ಪ್ರಾಯದಲ್ಲಿ ನಿಂಗೆ ಒಲೆ ಎದುರು ಎಂಥ ಕೆಲಸ ಅಮ್ಮ? ಇನ್ನು ಅಡಿಗೆ ಅವಳೇ ಮಾಡ್ಲಿ” ಎಂದೆ. ಅಮ್ಮ ಸೌಟು ಕೆಳಗಿಟ್ಟಳು. ಎರಡು ದಿನ ಬಿಟ್ಟು, “ನಂಗೆ ಉಡುಪಿ ಬಸ್ಸಿಗೆ ಟಿಕೇಟು ತೆಗೆಸು ಮಾರಾಯ. ನನ್ನ ಕೈ ಅಡಿಗೆ ಬೇಡದ ಮನೇಲಿ ಕೂತು ಎಂಥ ಮಾಡ್ಲಿಕ್ಕುಂಟು?” ಎಂದಳು.

ಅದೇ ವಾರ ಹೊಸ ಬೋರ್ಡಿನ ಪರೀಕ್ಷೆ. ಒಂದೂ ಜಂಪರ್ ಇಲ್ಲದ ನನ್ನ ಹೆಮ್ಮೆಯ ಬೋರ್ಡು. ಸ್ವಿಚ್ ಹಾಕಿದರೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು, ನಿಲ್ಲುವುದೇ ಇಲ್ಲ. ಠಾಣೆ ಊರಿನವರಾದ ನಮ್ಮ ಸಾಹೇಬರು ಬೋರ್ಡು ತಿರುವಿ, ಮೈಕಿನಿಂದ ಬರುವ ಗೆರೆಯ ಮೇಲೆ ಬೆರಳಾಡಿಸಿದರು. ಒಂದೇ ಒಂದು ಗೆರೆ ದಾಟುವುದನ್ನು ತಪ್ಪಿಸಲು ನಾನು ಅದನ್ನು ಬೋರ್ಡಿನ ಅಂಚಿನಲ್ಲೇ ಸುತ್ತಿಸಿ, ಟ್ರಾನ್ಸ್‌ಫಾರ್ಮರಿನ ಪಕ್ಕದಿಂದ ತಂದಿದ್ದೆ. ದಾರಿಯಲ್ಲಿ ಅದು ಅಲ್ಲಿಯ ಗದ್ದಲವನ್ನೆಲ್ಲ ಹೊತ್ತುಕೊಂಡು ಬಂದಿತ್ತು. “ಅರೇ ರಾವ್, ಕಾಯ್ಕೋ ಇತ್ನಾ ಘುಮಾಯಾ? ಸೀದಾ ಜಂಪರ್ ಡಾಲ್ ನಾ” ಎಂದರು; ಇಷ್ಟೇಕೆ ಸುತ್ತಿಸಿದೆ, ನೇರ ಜಂಪರ್ ಹಾಕಬಾರದೇ ಎಂದು. ಗೆರೆ ಕತ್ತರಿಸಿ ಬೆರಳುದ್ದದ ತಂತಿ ಬೆಸೆದೆ. ಸದ್ದು ಅಡಗಿತು.

ಸಂಜೆ ಡೊಂಬಿವಲಿಯಲ್ಲಿ ಇಳಿದು, ಹಳಿಗಳ ಮೇಲಿನ ಪಾದಚಾರಿ ಸೇತುವೆ ಹತ್ತಿದೆ. ಅದರ ಮೇಲೆ ಎಷ್ಟೋ ವರ್ಷ ನೂಕಿಸಿಕೊಂಡು ನಡೆದಿದ್ದೇನೆ. ಹಳಿ ಹಾಕಿದವನಿಗೆ ಬುದ್ಧಿ ಸಾಲದೆ ಸೇತುವೆ ಕಟ್ಟಿದರು ಎಂದು ಒಬ್ಬರೂ ಗೊಣಗಿದ್ದು ಕೇಳಿಲ್ಲ. ದಾಟಬೇಕಿತ್ತು, ಕಟ್ಟಿದರು, ಅಷ್ಟೆ.

ಮನೆಗೆ ಹೋದವನೇ ಚಪ್ಪಲಿಯನ್ನೂ ಬಿಡದೆ ಹೆಂಡತಿಗೆ, “ಅವತ್ತು ನನಗೆ ಹೇಳಿದ್ದನ್ನು ಅಮ್ಮನಿಗೇ ಹೇಳು” ಎಂದೆ. ಅವಳು ಸೆರಗು ಸರಿಮಾಡಿಕೊಂಡು, “ಅತ್ತೀ, ಸಾರಿಗೆ ಬೆಲ್ಲ ಒಂಚೂರು ಕಡಿಮಿ ಹಾಕ್ರಿ. ಉಳಿದದ್ದೆಲ್ಲಾ ಛಲೋ ಇರ್ತದ” ಎಂದಳು.

“ಇಷ್ಟೆಯಾ? ಇವ ಹೇಳಿದ್ದೇ ಬೇರೆ” ಎಂದಳು ಅಮ್ಮ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಅವರಿಬ್ಬರೂ ಒಂದಾಗಿ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಟಿಕೇಟಿನ ಮಾತು ಮತ್ತೆ ಬರಲಿಲ್ಲ. ಮರುದಿನದಿಂದ ನನ್ನ ಗೊರಕೆ, ನನ್ನ ಸೋಮಾರಿತನ ಎಲ್ಲವೂ ಅವರಿಬ್ಬರ ನಡುವೆ ನೇರವಾಗಿ ಓಡಾಡತೊಡಗಿದವು. ಬೆಲ್ಲ ಕಡಿಮೆಯಾದ ಸಾರಿಗೆ ಹೆಂಡತಿ ಖಾರ ಏರಿಸಿದಳು, ಅಮ್ಮ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಾನು ಇನ್ನೊಂದು ಸಲ ಬಡಿಸಿಕೊಂಡೆ.